ಟಿ.ಸಿ. ತೆಗೆಸುವ ಮುಂಚೆ

ಕೇಳುಗರಿಗೆ ನಮಸ್ಕಾರ.

ರಾಯಚೂರು ಸೀಮೆಯಲ್ಲಿ ಈಗ ಹತ್ತಿ ಬಿಡಿಸುವ ಹಂಗಾಮು. ಕೊರೊನಾಕ್ಕೆ ಮುಚ್ಚಿದ್ದ ಶಾಲೆಗಳಲ್ಲಿ 2021ರ ಅಕ್ಟೋಬರ್ 25ಕ್ಕೆ ಒಂದನೇ ತರಗತಿಯೂ ಶುರುವಾಯಿತಲ್ಲ, ಇನ್ನೇನು ಚಿಂತೆ ಎಂದು ಬಹಳ ಮಂದಿ ನಿರಾಳವಾದರು. ಶಾಲೆಯ ಬಾಗಿಲು ತೆರೆದದ್ದು ನಿಜ. ಆದರೆ ಒಂಬತ್ತು, ಹತ್ತನೇ ತರಗತಿಯ ಹುಡುಗರನ್ನು ನೋಡಬೇಕಾದರೆ ಬೆಳಿಗ್ಗೆ ದೇವದುರ್ಗದ ಕಡೆ ರಸ್ತೆಗೆ ಬಂದು ನಿಲ್ಲಿ. ಟಂಟಂ ಆಟೊ ತುಂಬ ಕೂತು ಹೊಲಕ್ಕೆ ಹೊರಟಿರುತ್ತಾರೆ. ಸಣ್ಣ ಬೆರಳಿಗೆ ಹತ್ತಿ ಚೆಂದ ಬರ್ತದ ಅನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಮೊಬೈಲ್ ಇಲ್ಲದ್ದಕ್ಕೇ ಓದು ಕೆಟ್ಟಿತು ಎಂದು ಶಾಲೆ ಮುಚ್ಚಿದಾಗಿನಿಂದ ಕೇಳುತ್ತಿದ್ದೇವೆ. ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಚಂದನ ಟಿವಿಯಲ್ಲಿ ಪಾಠ ಬಂತು. 2020ರ ಆಗಸ್ಟಿನಲ್ಲಿ ಮಕ್ಕಳಿದ್ದ ಊರಿಗೇ ಹೋಗಿ ಕಲಿಸುವ ವಿದ್ಯಾಗಮ ಬಂತು, ಮೇಷ್ಟ್ರು ಗುಡಿ ಕಟ್ಟೆಯ ಮೇಲೆ ಕೂತು ಕಲಿಸಿದರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಪಾಠ ಇದ್ದಷ್ಟು ದಿನವಾದರೂ ಕೇಳಬೇಕಾದ ಹುಡುಗ ಊರಲ್ಲಿದ್ದನೇ? ಅಪ್ಪ ಅವ್ವ ಕೂಲಿ ಹುಡುಕಿ ಬೇರೆ ಊರಿಗೆ ಗುಳೆ ಹೋದರೆ ಅವನೂ ಹೋಗುತ್ತಾನೆ. ಅವನ ಓದು ಉಳಿಯಬೇಕಾದರೆ ಮೊದಲು ಹೆತ್ತವರಿಗೆ ಊರಲ್ಲೇ ಕೂಲಿ ಸಿಗಬೇಕು. ನಾನು ಹೇಳಬೇಕೆಂದು ಬಂದದ್ದು ಇದನ್ನೇ.

ಸರ್ಕಾರದ ಉದ್ಯೋಗ ಖಾತ್ರಿ ಕೆಲಸಕ್ಕೆ 2021-22ರಲ್ಲಿ ದಿನಕ್ಕೆ 289 ರೂಪಾಯಿ, ಒಂದು ಮನೆಗೆ ವರ್ಷಕ್ಕೆ 100 ದಿನ ಇತ್ತು. ಪಂಚಾಯಿತಿಗೆ ಹೋಗಿ ‘ಕೆಲಸ ಕೊಡ್ರೀ’ ಎಂದು ಬಾಯಿಮಾತಲ್ಲಿ ಕೇಳಿ ಬಂದರೆ ಅದು ಲೆಕ್ಕಕ್ಕಿಲ್ಲ. ಕೆಲಸ ಕೇಳುವ ಅರ್ಜಿಯ ನಮೂನೆ ತುಂಬಿ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಪಡೆಯಿರಿ. 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಇಷ್ಟು ದಿನ ಸಾಲದು ಅನ್ನುತ್ತೀರಿ, ನಾನೂ ಅದನ್ನೇ ಅನ್ನುತ್ತೇನೆ. ಆದರೂ ಉಳಿದ ದಿನಗಳನ್ನು ಸುಗ್ಗಿ ಮುಗಿದು ಗುಳೆ ಶುರುವಾಗುವ ಹೊತ್ತಿಗೆ ಇಟ್ಟುಕೊಂಡರೆ, ಮಗನ ಪರೀಕ್ಷೆ ಮುಗಿಯುವವರೆಗಾದರೂ ಸಂಸಾರ ಊರಲ್ಲಿ ನಿಂತೀತು.

ಊರಲ್ಲಿ ನಿಲ್ಲುವುದರಿಂದ ಏನು ಬಂತು ಅನ್ನುವವರು 2021ರ ಎಸ್ಸೆಸ್ಸೆಲ್ಸಿ ನೋಡಿ. ಜುಲೈ 19 ಮತ್ತು 22, ಎರಡೇ ದಿನ, ಒಎಂಆರ್ ಹಾಳೆಯಲ್ಲಿ ಸರಿಯುತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸು. ಅವರಷ್ಟೇ ಬುದ್ಧಿವಂತ, ಅದೇ ಓಣಿಯ ಹುಡುಗ, ಹೆಸರು ನೋಂದಾಯಿಸುವ ಹೊತ್ತಿಗೆ ಬೆಂಗಳೂರಲ್ಲಿ ಇಟ್ಟಿಗೆ ಹೊರುತ್ತಿದ್ದರೆ ಇವತ್ತು ಅವನ ಕೈಯಲ್ಲಿ ಅಂಕಪಟ್ಟಿ ಇಲ್ಲ. ಸಂವಿಧಾನದ 371ಜೆ ವಿಧಿ ಇದೆ, ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ನಮ್ಮವರಿಗೇ ಮೀಸಲು. ವಿದ್ಯಾರ್ಹತೆಯ ಕಾಲಂ ಖಾಲಿ ಬಿಟ್ಟ ಅರ್ಜಿಗೆ ಆ ಮೀಸಲಾತಿ ಏನು ಮಾಡೀತು?

ಇನ್ನು ಪಾಸಾದವರ ಕಷ್ಟ ಬೇರೆ. ನಾನು ಐಟಿಐಯಲ್ಲಿ ಫಿಟ್ಟರ್ ಕಲಿಸುವವನು. ಲಾಕ್‌ಡೌನಿನಲ್ಲಿ ನಮ್ಮ ಪಾಠ ವಾಟ್ಸಾಪಿನಲ್ಲಿ ಹೋಯಿತು. ಕಬ್ಬಿಣ ಉಜ್ಜುವ ಅರ ಹಿಡಿದು ತುಂಡನ್ನು ಚೌಕಕ್ಕೆ ತರುವುದನ್ನು ವಿಡಿಯೊ ನೋಡಿ ಯಾರಾದರೂ ಕಲಿತಾರೆಯೇ? ಅಂಗೈಯಲ್ಲಿ ಬೊಬ್ಬೆ ಏಳಬೇಕು. ಮೂಲೆ ನೆಟ್ಟಗಿದೆಯೇ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿನಲ್ಲಿ ಗೆರೆಯಷ್ಟೂ ಬೆಳಕು ನುಸುಳಬಾರದು. ಆಮೇಲೆ ಬಂದ ಹುಡುಗರ ಕೈಗೆ ಸೂಕ್ಷ್ಮ ಅಳತೆಯ ವರ್ನಿಯರ್ ಕೊಟ್ಟರೆ ಮುಖ್ಯ ಅಳತೆ ಓದುತ್ತಿದ್ದರು, 0.02 ಮಿಲಿಮೀಟರಿನ ಲೆಕ್ಕಕ್ಕೆ ನಿಂತುಬಿಡುತ್ತಿದ್ದರು. ಕಲಿತ ದಶಾಂಶ ಗಟ್ಟಿ ಮಾಡಿಕೊಳ್ಳಬೇಕಾದ ಕಾಲದಲ್ಲಿ ಶಾಲೆ ಮುಚ್ಚಿತ್ತು, ಅವರನ್ನು ಬೈದು ಏನು ಬಂತು? ದಶಾಂಶದಿಂದಲೇ ಮತ್ತೆ ಶುರು ಮಾಡಿದೆವು.

ಫಿಟ್ಟರ್ ಕೆಲಸಕ್ಕೆ ಬೆಲೆ ಇಲ್ಲ ಅನ್ನಬೇಡಿ. 2021ರಲ್ಲಿ ಕೊರೊನಾ ಎರಡನೇ ಅಲೆಯಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು, ಉಕ್ಕಿನ ಕಾರ್ಖಾನೆಯಿಂದಲೇ ಪೈಪಿನಲ್ಲಿ ಆಮ್ಲಜನಕ ಬಂತು. ಅಂಥ ಪೈಪು ಜೋಡಿಸುವವರು ಫಿಟ್ಟರು, ವೆಲ್ಡರುಗಳೇ.

ಸಿಂಧನೂರು, ಗಂಗಾವತಿಯ ಅಕ್ಕಿ ಗಿರಣಿಯವರಿಗೆ, ಬಳ್ಳಾರಿಯ ಜೀನ್ಸ್ ಮಾಲೀಕರಿಗೆ ಒಂದು ಮಾತು. ಗುತ್ತಿಗೆಯವರೂ ಸೇರಿ 30 ಜನ ದುಡಿಯುವಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳುವುದು ಕಡ್ಡಾಯ. ನಾಲ್ಕೇ ಜನರಿದ್ದರೂ ಮನಸ್ಸಿದ್ದರೆ ಇಟ್ಟುಕೊಳ್ಳಬಹುದು. 2019ರ ನಿಯಮದಂತೆ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000, ಐಟಿಐ ಆದವರಿಗೆ 7,000, ಪದವೀಧರರಿಗೆ 9,000 ರೂಪಾಯಿ ಎಂದಿತ್ತು. ಹೆಲ್ಪರ್ ಎಂದು ವರ್ಷಗಟ್ಟಲೆ ದುಡಿಸಿಕೊಂಡು ಒಂದು ಕಾಗದ ಕೊಡದೆ ಕಳಿಸುವುದಕ್ಕಿಂತ ಇದು ನಿಮಗೂ ಲಾಭ, ಕಲಿತ ಕೈ ನಿಮ್ಮಲ್ಲೇ ಉಳಿಯುತ್ತದೆ.

ರೈತರ ಮಕ್ಕಳಿಗೆ 2021ರ ಸೆಪ್ಟೆಂಬರಿನಲ್ಲಿ ವಿದ್ಯಾನಿಧಿ ಎಂಬ ವಿದ್ಯಾರ್ಥಿವೇತನ ಬಂತು. ಪಿಯುಸಿ, ಐಟಿಐ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ, ನೇರ ಖಾತೆಗೆ ಎಂದಿತ್ತು. ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆ ಬಿಟ್ಟ ಹುಡುಗಿಗೆ ಮದುವೆ ಗೊತ್ತು ಮಾಡುತ್ತಿದ್ದಾರೆಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಗುಳೆ ಹೋಗಲೇಬೇಕಾದ ಮನೆಯವರು ಮಾತ್ರ ಒಂದು ಕೆಲಸ ಮಾಡಬೇಡಿ, ಶಾಲೆಯಿಂದ ವರ್ಗಾವಣೆ ಪತ್ರ, ಅಂದರೆ ಟಿ.ಸಿ. ತೆಗೆಸಬೇಡಿ. ಬಸ್ಸು ಹತ್ತುವ ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು, ಹಾಸ್ಟೆಲ್‌ನಲ್ಲಿ ಜಾಗ ಇದೆಯೇ ಕೇಳಿ. ಇಲ್ಲವೆಂದರೆ ಮಗುವನ್ನು ಅಜ್ಜಿಯ ಹತ್ತಿರ ಬಿಡಿ, ಹತ್ತನೇ ತರಗತಿಯಾದರೆ ಪರೀಕ್ಷೆ ಶುಲ್ಕ ಕಟ್ಟುವ ದಿನ ಯಾವುದೆಂದು ಬರೆಸಿಕೊಂಡು ಹೋಗಿ.

ನಮಸ್ಕಾರ.