ಮೊದಲು ಹುಳ ನೋಡಿ, ಆಮೇಲೆ ಎಣ್ಣೆ ಹೊಡೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಮನೆ ಮುಂದೆ, ಹಿತ್ತಲಲ್ಲಿ ನಾಲ್ಕು ಗಿಡ ಹಚ್ಚಿಕೊಂಡಿರುವವರಿಗಾಗಿ ಈ ಮಾತು. ಎಕರೆಗಟ್ಟಲೆ ತೋಟ ಇರುವವರು ಹತ್ತು ನಿಮಿಷ ಚಹಾ ಕುಡಿಯಿರಿ, ನಿಮ್ಮ ಲೆಕ್ಕ ಬೇರೆ.

ನಾನು ಹೇಳುವುದು ಒಂದೇ. ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಮೊದಲು ಹುಳ ಯಾವುದು ಅಂತ ನೋಡಿ. ಕೂತು, ಎಲೆ ತಿರುವಿ ನೋಡಿ. ಅಷ್ಟೇ.

ನವನಗರದ ಒಬ್ಬ ಅಕ್ಕೋರು ನನಗೆ ಫೋನ್ ಮಾಡಿದ್ದರು. ಎರಡು ದೂರು. ಒಂದು, "ಝೀನಿಯಾ ಹಚ್ಚೀನಿ, ಚೆಂಡು ಹೂ ಹಚ್ಚೀನಿ, ಒಂದೂ ಚಿಟ್ಟಿ ಬರವಲ್ದು ಸರ." ಎರಡನೆಯದು, "ಕರಿಬೇವು ಹುಳ ತಿಂದು ಹಾಕ್ಯಾವು, ವಾರಕ್ಕೊಮ್ಮೆ ಎಣ್ಣಿ ಹೊಡ್ಯಾಕತ್ತೀನಿ." ನನಗೆ ನಗು ತಡೆಯಲಾಗಲಿಲ್ಲ. ಎರಡೂ ಒಂದೇ ದೂರು ಅಲ್ವಾ?

ಸಂಜೆ ಅವರ ಮನೆಗೆ ಹೋದೆ. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ, ತಿಳಿ ಹಳದಿ ಮೊಟ್ಟೆ. ಪಕ್ಕದ ಎಲೆಯಲ್ಲಿ ಹಕ್ಕಿ ಹಿಕ್ಕೆ ಬಿದ್ದಂತೆ ಕಪ್ಪು-ಬಿಳಿ ಮರಿಹುಳ. ಕೆಳಗಿನ ಟೊಂಗೆಯಲ್ಲಿ ದೊಡ್ಡದು, ಪೂರ್ತಿ ಹಸಿರು. ಮೊಮ್ಮಗಳು ಕಡ್ಡಿಯಿಂದ ಮುಟ್ಟಿದಳು. ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಪಟ್ಟನೆ ಹೊರಗೆ ಬಂತು, ಜೊತೆಗೆ ಘಾಟು ವಾಸನೆ. ಹುಡುಗಿ ಅಂಗಳಕ್ಕೆ ಓಡಿದಳು.

ಅದು ಲಿಂಬೆ ಚಿಟ್ಟೆಯ ಮರಿ. ಕಪ್ಪು ರೆಕ್ಕೆ, ತಿಳಿ ಹಳದಿ ಮಚ್ಚೆ, ಹಿಂದಿನ ರೆಕ್ಕೆಯಲ್ಲಿ ಒಂದು ಕೆಂಪು ಗುರುತು. ಅದಕ್ಕೆ ಲಿಂಬೆ, ಕರಿಬೇವಿನ ಜಾತಿಯ ಗಿಡವೇ ಬೇಕು. ಹೂವಿಗೆ ಬರುವುದು ಮಕರಂದ ಕುಡಿಯಲು, ಮೊಟ್ಟೆ ಇಡುವುದು ಕರಿಬೇವಿಗೆ. ಅಕ್ಕೋರು ಅತ್ತ ಹೂ ಹಚ್ಚಿ ಕರೆಯುತ್ತಿದ್ದರು, ಇತ್ತ ಮರಿಗಳಿಗೆ ಎಣ್ಣೆ ಹೊಡೆಯುತ್ತಿದ್ದರು.

ಒಳಗಿಂದ ಅವರ ಅತ್ತೆ ಕೇಳಿದರು, "ಹಂಗಾರ ಸಾರಿಗೆ ಕರಿಬೇವು ಎಲ್ಲಿಂದ ತರೂದು?" ನ್ಯಾಯವಾದ ಪ್ರಶ್ನೆ. ಇನ್ನೊಂದು ಕರಿಬೇವು ಹಚ್ಚಿಸಿದೆವು. ಹುಳಗಳನ್ನು ಎಲೆ ಸಮೇತ ಚಿವುಟಿ ಆ ಗಿಡಕ್ಕೆ ಬಿಡುತ್ತಾರೆ. ಅತ್ತೆಯ ಗಿಡಕ್ಕೆ ಹುಳ ಇಲ್ಲ, ಸೊಸೆಯ ಹೂವಿಗೆ ಚಿಟ್ಟೆ ಇದೆ. ಇಂಡಿ ಕಡೆ ಲಿಂಬೆ ಸಸಿ ಬೆಳೆಸುವವರಿಗೆ ಇದು ನಡೆಯುವುದಿಲ್ಲ, ಗೊತ್ತು. ಅದಕ್ಕೇ ಚಹಾ ಕುಡಿಯಿರಿ ಅಂದೆ.

ಅಯ್ಯೋ, ಕಥೆ ಜಾಸ್ತಿ ಆಯ್ತು. ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ಗಿಡದ ರಸ ಹೀರುವ ಹೇನು ಮುತ್ತಿದ ಟೊಂಗೆಯಲ್ಲಿ ಕಪ್ಪು ಮೈಯ, ಕೇಸರಿ ಚುಕ್ಕೆಯ ಉದ್ದನೆ ಹುಳ ಓಡಾಡುತ್ತಿದ್ದರೆ ಕೊಲ್ಲಬೇಡಿ. ಅದು ಗುಲಗಂಜಿ ಹುಳದ ಮರಿ, ಹೇನು ತಿನ್ನಲು ಬಂದಿದೆ. ನೋಡಿ ಅಂದದ್ದು ಇದಕ್ಕೇ. ಅದಿಲ್ಲದಿದ್ದರೆ ಹೇನಿಗೆ ಪೈಪಿನ ನೀರು ಜೋರಾಗಿ ಬಿಡಿ, ಅರ್ಧ ಕೆಲಸ ಮುಗಿಯಿತು. ದಾಸವಾಳದ ಹಿಟ್ಟು ತಿಗಣೆ ಹಳೆ ಹಲ್ಲುಜ್ಜುವ ಬ್ರಷ್‌ಗೆ ಹೋಗುತ್ತದೆ.

ಸೌತೆ, ಕುಂಬಳದ ಎಳೆಕಾಯಿ ಹಳದಿಯಾಗಿ ಉದುರಿದರೆ ಎಲ್ಲರೂ ಗೊಬ್ಬರ ಕಡಿಮೆ ಅನ್ನುತ್ತಾರೆ. ಎಷ್ಟೋ ಸಲ ಕಡಿಮೆಯಾಗಿದ್ದು ಜೇನುಹುಳ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ಮುಟ್ಟಿಸುವವರಿಲ್ಲ. ಹಾಗಾಗಿ ಹೂವಿನ ಮೇಲೆ ಏನನ್ನೂ ಹೊಡೆಯಬೇಡಿ. ಇಮಿಡಾಕ್ಲೋಪ್ರಿಡ್ ಅಂತ ಡಬ್ಬಿ ಮೇಲೆ ಬರೆದಿದ್ದರೆ ಹಿತ್ತಲಿಗೆ ತರಲೇಬೇಡಿ. ಅದು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಹೋಗುತ್ತದೆ. ಯುರೋಪಿನ ಒಕ್ಕೂಟ 2018ರಲ್ಲೇ ಬಯಲಿನ ಬೆಳೆಗೆ ಅದನ್ನು ನಿಲ್ಲಿಸಿತು.

ಹೊಡೆಯಲೇಬೇಕು ಅಂದರೆ ಬೇವಿನ ಬೀಜದ ಕಷಾಯ. 50 ಗ್ರಾಂ ತಿರುಳು ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ. ಮರುದಿನ ಹಿಂಡಿ, ಸೋಸಿ, ಚಿಟಿಕೆ ಸೋಪು ಸೇರಿಸಿ. ಹೊತ್ತು ಮುಳುಗಿದ ಮೇಲೆ ಎಲೆಯ ಹಿಂಬದಿಗೆ ಹೊಡೆಯಿರಿ. ಹೀರೆ ಹೂ ಅರಳುವುದೇ ಸಂಜೆ, ಆ ಹೂ ಬಿಟ್ಟು ಹೊಡೆಯಿರಿ. ಚಿಟ್ಟೆ ಮರಿಗೂ ಬೇವು ಆಗಿಬರುವುದಿಲ್ಲ, ಆ ಎರಡನೇ ಕರಿಬೇವಿಗೆ ಬೇಡ.

ಬೇವಿನ ಹಣ್ಣು ಜೂನ್, ಜುಲೈನಲ್ಲಿ ಮರದ ಕೆಳಗೆ ಸುಮ್ನೆ ಬಿದ್ದಿರುತ್ತದೆ. ಆರಿಸಿ, ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ನಮಸ್ಕಾರ.