ಕೀಲಿ ಬಿಡಬೇಡಿ

ನಮಸ್ಕಾರ ಕೇಳುಗರೇ. ಸಣ್ಣ ವಿಮಾನದ ಎಂಜಿನ್‌ಗೆ ನೆಲದ ಮೇಲೆ ನಿಂತಿರುವಾಗಲೇ, ಸ್ಟಾರ್ಟ್ ಮಾಡುವ ಹೊತ್ತಿನಲ್ಲೇ ಬೆಂಕಿ ಹತ್ತುವುದುಂಟು. ಹಾರಲು ಕಲಿಯುತ್ತಿರುವವರಿಗೆ ಇದನ್ನು ಹೇಳಲೇಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಚಳಿಯ ಬೆಳಗ್ಗೆ. ಎಂಜಿನ್ ತಣ್ಣಗಿದೆ, ಪೆಟ್ರೋಲು ಸರಿಯಾಗಿ ಆವಿಯಾಗುತ್ತಿಲ್ಲ. ಎರಡು ಸಲ ಕೀಲಿ ತಿರುಗಿಸಿದರೂ ಸ್ಟಾರ್ಟ್ ಆಗಲಿಲ್ಲ. ಆಗ ಕೈ ಸುಮ್ನೆ ಇರುವುದಿಲ್ಲ ಅಲ್ವಾ, ಎಂಜಿನ್ ವೇಗ ಏರಿಸುವ ಇಳಿಸುವ ಥ್ರಾಟಲ್ ಹಿಡಿದು ಒಳಗೆ ಹೊರಗೆ ತಳ್ಳುತ್ತಲೇ ಇರುತ್ತದೆ. ತಳ್ಳಿದಾಗಲೆಲ್ಲ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬುರೇಟರ್ ಒಳಗಿನ ಪುಟ್ಟ ಪಂಪು ಒಂದಿಷ್ಟು ಪೆಟ್ರೋಲು ಚಿಮ್ಮಿಸುತ್ತದೆ. ಎಂಜಿನ್ ತಿರುಗುತ್ತಿದ್ದರೆ ಅದು ಗಾಳಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ. ತಿರುಗದಿದ್ದರೆ ಕೆಳಗಿಳಿಯುತ್ತದೆ, ಯಾಕೆಂದರೆ ಇಂಥ ಎಷ್ಟೋ ವಿಮಾನಗಳಲ್ಲಿ ಕಾರ್ಬುರೇಟರ್ ಇರುವುದೇ ಎಂಜಿನ್ನಿನ ತಳದಲ್ಲಿ. ಗಾಳಿ ಬರುವ ದಾರಿಯಲ್ಲೆಲ್ಲ ಪೆಟ್ರೋಲು ನಿಂತು, ಮೂತಿಯ ಕೆಳಗೆ ತೊಟ್ಟಿಕ್ಕುತ್ತದೆ. 100ಎಲ್ಎಲ್ ಅನ್ನುವ ವಿಮಾನದ ಪೆಟ್ರೋಲು ಆಗಿದ್ದರೆ ಹನಿ ತಿಳಿನೀಲಿ. ಇಷ್ಟಾದ ಮೇಲೆ ಸಿಲಿಂಡರಿನ ಜ್ವಾಲೆ ಹಿಂದಕ್ಕೆ ಚಿಮ್ಮುವ ಒಂದು ಬ್ಯಾಕ್‌ಫೈರ್ ಆದರೆ ಸಾಕು, ಬೆಂಕಿ ಹತ್ತುತ್ತದೆ.

ಬೆಂಕಿ ಅಂದ ಕೂಡಲೇ ಯಾರಾದರೂ ಕೀಲಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಸ್ಟಾರ್ಟರ್ ತಿರುಗುತ್ತಿರುವಷ್ಟು ಹೊತ್ತು ಎಂಜಿನ್ ಗಾಳಿ ಎಳೆಯುತ್ತದೆ, ಆ ಗಾಳಿ ಜ್ವಾಲೆಯನ್ನೂ ನಿಂತ ಪೆಟ್ರೋಲನ್ನೂ ಸಿಲಿಂಡರಿನೊಳಗೆ ಎಳೆದುಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಆಯಿತೋ, ವೇಗ ಸ್ವಲ್ಪ ಏರಿಸಿ ಕೆಲವು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿ. ಹಳೆಯ ಸೆಸ್ನಾ 172 ಅನ್ನುವ ಸಣ್ಣ ವಿಮಾನದ ಕೈಪಿಡಿಯಲ್ಲಿ ನಿಮಿಷಕ್ಕೆ 1700 ಸುತ್ತು, ಅಂದರೆ 1700 ಆರ್‌ಪಿಎಂ ಅಂತಿದೆ. ನಿಮ್ಮ ವಿಮಾನದ ಕೈಪಿಡಿ ಏನು ಹೇಳುತ್ತದೋ ಅದೇ ನಿಮಗೆ ಕೊನೆಯ ಮಾತು. ಸ್ಟಾರ್ಟ್ ಆಗದಿದ್ದರೆ ಥ್ರಾಟಲ್ ಪೂರ್ತಿ ತೆರೆದು, ಪೆಟ್ರೋಲಿನ ಪ್ರಮಾಣ ಹತೋಟಿಯಲ್ಲಿಡುವ ಮಿಕ್ಸ್ಚರ್ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು, ಇನ್ನೂ ತಿರುಗಿಸಿ. ಅದಕ್ಕೂ ಆರದಿದ್ದರೆ ಫ್ಯುಯಲ್ ವಾಲ್ವ್, ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ, ವಿದ್ಯುತ್ತಿನ ಮಾಸ್ಟರ್ ಸ್ವಿಚ್ ಎಲ್ಲ ಬಂದ್ ಮಾಡಿ, ಅಗ್ನಿಶಾಮಕ ಉಪಕರಣ ಹಿಡಿದು ಹೊರಗೆ ಬನ್ನಿ. ಬೆಂಕಿ ಆರಿಸುವ ಪುಡಿ ಸಿಂಪಡಿಸಿದರೆ ವಿಮಾನದ ಅಲ್ಯೂಮಿನಿಯಂ ಹಾಳಾಗುತ್ತದೆ ಅನ್ನುವುದು ನಿಜ, ಆದರೆ ಕೈಗೆ ಸಿಕ್ಕಿದ್ದು ಅದೊಂದೇ ಆಗಿದ್ದರೆ ಯೋಚಿಸುತ್ತಾ ನಿಲ್ಲಬೇಡಿ.

ಇನ್ನೊಂದು ವಿಷಯ. ಕೂತ ಜಾಗದಿಂದ ಈ ಬೆಂಕಿ ಪೈಲಟ್‌ಗೆ ಕಾಣದೇ ಇರಬಹುದು. ಮೂತಿಯ ಕೆಳಗಿನ ಹೊಗೆ ಮೊದಲು ಕಾಣುವುದು ಹೊರಗೆ ನಿಂತವರಿಗೆ. ತುಂಬಾ ಚಳಿ ಇದ್ದ ದಿನ ಪ್ರೊಪೆಲ್ಲರಿನಿಂದ ದೂರ ಒಬ್ಬರನ್ನು ನಿಲ್ಲಿಸಿ, ಬೆಂಕಿ ಕಂಡರೆ ಯಾವ ಸನ್ನೆ ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಬೆಂಕಿ ಆರಿ ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ ಅವತ್ತು ಹಾರಬೇಡಿ. ಮೆಕ್ಯಾನಿಕ್ ಬಂದು ಕವಚ ಬಿಚ್ಚಿ ನೋಡಲಿ. ಏರ್ ಫಿಲ್ಟರ್ ಸುಟ್ಟಿರಬಹುದು, ರಬ್ಬರ್ ಕೊಳವೆ ಕರಗಿರಬಹುದು. ಎಂಜಿನ್ನಿನ ಸದ್ದು ಕೇಳಿದರೆ ಅದೊಂದೂ ಗೊತ್ತಾಗುವುದಿಲ್ಲ.