ಪಟ್ಟಿಯ ಬೆನ್ನಿಗೂ ಬಣ್ಣ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಿಲು, ಕಿಟಕಿಯ ಸುತ್ತ ಹೊಡೆಯುವ ಮರದ ಪಟ್ಟಿಗೆ, ಗೋಡೆಯ ಬುಡದ ಸ್ಕರ್ಟಿಂಗಿಗೆ ಬಣ್ಣ ಮೊದಲೇ ಬಳಿಯಬೇಕಾ, ಕೂರಿಸಿದ ಮೇಲಾ? ಬಯಲುಸೀಮೆಯಲ್ಲಾದರೆ ಹೇಗೆ ಮಾಡಿದರೂ ನಡೆದೀತು. ನಮ್ಮ ಕೊಡಗಿನಲ್ಲಿ ನಡೆಯುವುದಿಲ್ಲ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ತೋಟದ ಸಿಲ್ವರ್ ಓಕ್ ಕೊಯ್ಯಿಸಿ, ಚೆನ್ನಾಗಿ ಒಣಗಿಸಿ ಪಟ್ಟಿ ಮಾಡಿಸಿದ್ದೆವು. ಮೇ ತಿಂಗಳಲ್ಲಿ ಅದನ್ನು ಹೊಡೆಸಿ, ಆಮೇಲೆ ಕಾಣುವ ಮುಖಕ್ಕೆ ಎರಡು ಕೋಟ್ ಎನಾಮಲ್ ಬಳಿಸಿದೆವು. ಫಳಫಳ ಹೊಳೆಯುತ್ತಿತ್ತು. ಜುಲೈ-ಆಗಸ್ಟ್ ಹೊತ್ತಿನ ನಮ್ಮ ಕಕ್ಕಡ ತಿಂಗಳ ಮಳೆ ಹಿಡಿಯಿತು ನೋಡಿ, ಪಟ್ಟಿಯ ಅಂಚುಗಳು ಗೋಡೆ ಬಿಟ್ಟು ಎದ್ದವು. ಕಿತ್ತು ನೋಡಿದರೆ ಹಿಂದೆಲ್ಲ ಬೂಷ್ಟು. ಬಣ್ಣ ಕಾಣದ ಬೆನ್ನು ಗೋಡೆಯ ತೇವವನ್ನೆಲ್ಲ ಕುಡಿದಿತ್ತು. ಒಂದು ಮೈ ಉಬ್ಬಿ ಇನ್ನೊಂದು ಹಾಗೇ ಇದ್ದರೆ ಮರ ಬಾಗದೆ ಏನು ಮಾಡುತ್ತದೆ?

ಅದಕ್ಕೇ, ಕೂರಿಸುವ ಮೊದಲೇ ನಾಲ್ಕೂ ಮೈಗೆ ವುಡ್ ಪ್ರೈಮರ್, ಅಂದರೆ ಮರಕ್ಕೆ ಬಣ್ಣದ ಮೊದಲು ಬಳಿಯುವ ತಳದ ಕೋಟ್, ಬಳಿಯಿರಿ. ಬೆನ್ನು ಯಾರಿಗೆ ಕಾಣುತ್ತೆ ಅಂತ ಬಿಡಬೇಡಿ. ಕೊಯ್ದ ತುದಿಗಳಿಗಂತೂ ಎರಡು ಸಲ ಬೇಕು. ಮರದ ನಾಳಗಳು ಬಾಯಿ ತೆರೆದಿರುವುದು ಅಲ್ಲೇ, ನೀರು ಜಾಸ್ತಿ ಹೀರುವುದೂ ಅಲ್ಲೇ. ಆಚಾರಿ ಅಳತೆ ನೋಡಿ ಕೊಯ್ದಾಗ ಹೊಸ ತುದಿ ಬರುತ್ತದೆ ಅಲ್ವಾ? ಮೊಳೆ ಹೊಡೆಯುವ ಮುಂಚೆ ಅದಕ್ಕೂ ಬ್ರಷ್ ತಾಗಿಸಿ. ಪ್ರೈಮರ್ ಒಣಗಿದ ಮೇಲೆ ಸ್ಯಾಂಡ್ ಪೇಪರ್ ಆಡಿಸಿ, ಮುಖಕ್ಕೆ ಒಂದು ಕೋಟ್ ಎನಾಮಲ್. ಎರಡು ಸ್ಟೂಲಿನ ಮೇಲೆ ಮಲಗಿಸಿ ಬಳಿದರೆ ಬಣ್ಣ ಸೋರುವುದಿಲ್ಲ, ಸೊಂಟಕ್ಕೂ ಸುಖ.

ಕೊನೆಯ ಕೋಟ್ ಮಾತ್ರ ಕೂರಿಸಿದ ಮೇಲೆ. ಎಲ್ಲ ಮೊದಲೇ ಮುಗಿಸಿದರೆ ಮೊಳೆ ತೂತಿನ ಪುಟ್ಟಿ, ಮೂಲೆಯ ಸಂದು, ಸುತ್ತಿಗೆ ತಾಗಿದ ಗುರುತು ಎದ್ದು ಕಾಣುತ್ತವೆ. ಅಲ್ಲಲ್ಲಿ ಸುಮ್ನೆ ಬಣ್ಣ ಮುಟ್ಟಿಸಿದರೆ ಹೊಳಪು ಸೇರುವುದಿಲ್ಲ. ಪುಟ್ಟಿ ಉಜ್ಜಿ, ಅಷ್ಟು ಜಾಗಕ್ಕೆ ಪ್ರೈಮರ್ ಹಚ್ಚಿ, ಆಮೇಲೆ ಪಟ್ಟಿಯ ಉದ್ದಕ್ಕೂ ಬಳಿಯಬೇಕು.

ಈ ಕೆಲಸಕ್ಕೆ ಒಳ್ಳೇ ಕಾಲ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ, ಡಿಸೆಂಬರ್ ಹೊತ್ತಿಗೆ. ಕಾಫಿ ಕೊಯ್ಲಿನ ಹೊತ್ತಲ್ಲಿ ಆಳು ಸಿಗುವುದು ಕಷ್ಟ, ನನಗೂ ಗೊತ್ತು. ಆದರೂ ಮರ, ಗೋಡೆ ಎರಡೂ ಒಣಗಿರುವುದು ಆಗಲೇ. ಬೆಳಗಿನ ಮಂಜು ಆರಿದ ಮೇಲೆ ಡಬ್ಬಿ ತೆರೆಯಿರಿ. ಪಟ್ಟಿಗಳನ್ನು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ ಒಣಗಿಸಬೇಡಿ. ಎನಾಮಲ್ ವಾಸನೆ ಕಾಫಿಗೆ ಹತ್ತುತ್ತದೆ.

ನಮಸ್ಕಾರ.